ತಿಮ್ಮಕ್ಕನ ಕೊಸರು

ವಿಶಾಲನ ಮೊಬೈಲು ತದಡಿಯಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ನೀರಿಗೆ ಬಿತ್ತು. ಬಲೆ ಇಳಿಸುವಾಗ ಅಂಗಿಯ ಕಿಸೆಯಿಂದ ಜಾರಿತಂತೆ. ಮನೆಗೆ ಬಂದವನು ಹಿತ್ತಲ ಬಾಗಿಲಲ್ಲಿ ಒದ್ದೆ ಬಟ್ಟೆ ಬಿಚ್ಚಿ, ಗೂಟದಲ್ಲಿದ್ದ ಒಣ ಲುಂಗಿ ಉಟ್ಟು, ಊಟಕ್ಕೆ ಕೂತ.

ಬಾಡ ಊರಿನ ನಮ್ಮ ಮನೆಯ ಹಿತ್ತಲ ಬಾಗಿಲ ಬದಿಗೆ ಮೂರು ಗೂಟಗಳಿವೆ. ನೀರಿನಿಂದ ಬರುವವರಿಗೆಂದು ಅತ್ತೆ ದಿನಾ ಒಣ ಲುಂಗಿ, ಟವೆಲು ತೂಗುಹಾಕುತ್ತಾರೆ. ಒಂದು ಮಾವನಿಗೆ, ಒಂದು ಮೈದುನ ವಿಶಾಲನಿಗೆ. ಮೂರನೆಯದು ನನ್ನ ಗಂಡ ಸುಜಯನದು. ಅವರು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಕಳೆದ ಜೂನಿನಲ್ಲಿ, ಮಳೆ ಹಿಡಿದ ಮೊದಲ ವಾರ, ಹೆದ್ದಾರಿಯಲ್ಲಿ ಬೈಕು ಜಾರಿ ತೀರಿಕೊಂಡರು. ಆ ಗೂಟಕ್ಕೆ ಆಮೇಲೆ ಯಾರೂ ಏನನ್ನೂ ಹಾಕಿಲ್ಲ.

"ಆಯಿ, ಅಣ್ಣನ ಮೊಬೈಲು ಕಪಾಟಿನಲ್ಲೇ ಅದೆ ಅಲ್ದಾ?" ವಿಶಾಲ ಕೇಳಿದ.

"ಅದೆ. ಇಟ್ಕಂಡು ಎಂತ ಮಾಡೂದು? ನೀನೇ ತಕಾ," ಎಂದರು ಅತ್ತೆ, ಬಂಗಡೆ ಸಾರು ಬಡಿಸುತ್ತ.

"ಬೇಡ," ಎಂದೆ ನಾನು.

ಊಟದ ಹೊತ್ತಿನಲ್ಲಿ ನಾನು ಮಾತಾಡುವುದು ಕಡಿಮೆ. ಎಲ್ಲರೂ ತಲೆಯೆತ್ತಿದರು.

"ಎಂತ ಬೇಡ?"

"ಆ ಮೊಬೈಲು ಕೊಡುವುದಿಲ್ಲ."

"ನಿಂಗೆ ನಿಂದು ಅದೆ. ಅದ್ರಲ್ಲಿ ನೀ ಎಂತ ಮಾಡ್ತೆ?"

ಭಾನುವಾರ ಅದನ್ನು ಚಾರ್ಜಿಗೆ ಹಾಕುತ್ತಿದ್ದೆ. ತುಂಬಿದ ಮೇಲೆ ಮತ್ತೆ ಕಪಾಟಿನಲ್ಲಿ ಇಡುತ್ತಿದ್ದೆ. ಅದು ಉತ್ತರವಾಗುವುದಿಲ್ಲ.

ನಾದಿನಿ ಸೌಜನ್ಯಾ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದಳು: "ಅದ್ರಲ್ಲಿ ತಿಮ್ಮಕ್ಕ ಅದೆ ಆಯಿ. ವಿಶಾಲಣ್ಣಂಗೆ ಕೊಟ್ರೆ ಎಲ್ಲ ಅಳಿಸಿ ಕೂತ್ಕಳ್ತ."

ಅತ್ತೆಯ ಸೌಟು ಪಾತ್ರೆಯಲ್ಲೇ ನಿಂತಿತು.

"ಯಾವ ತಿಮ್ಮಕ್ಕ?"

ಸೌಜನ್ಯಾ ತಟ್ಟೆಯ ಮೇಲೆ ಬಾಗಿದಳು.

"ಯಾವ ಊರಿಂದು? ಹೆಂಗ್ಸಾ?" ಅತ್ತೆ ನನ್ನತ್ತ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ? ಅವ ಹೋದ್ಮೇಲೂ ಆ ಮೊಬೈಲಿಗೆ ಕರೆಂಟು ಹಾಕ್ತೆ? ನೀ ಎಂತಾ ಹೆಂಗ್ಸೆ?"

ಸೌಜನ್ಯಾ ನಕ್ಕುಬಿಟ್ಟಳು. ಆ ಮನೆಯಲ್ಲಿ ಬಹಳ ತಿಂಗಳ ಮೇಲೆ ಕೇಳಿದ ನಗು. ಅತ್ತೆ ಸೌಟೆತ್ತಿ ಅವಳ ಕಡೆ ಬೀಸಿದರು. ಸಾರಿನ ಹನಿ ಮಾವನ ತಲೆಯ ಮೇಲೆ ಬಿತ್ತು.

ಸೌಜನ್ಯಾ ಹೇಳಿದ್ದು ಇಷ್ಟು. ಲಾಕ್‌ಡೌನಿನ ಕಾಲದಲ್ಲಿ ಕಾರವಾರದಿಂದ ಭಟ್ಕಳದವರೆಗಿನ ಕೆಲವರು ಸೇರಿ ಮೊಬೈಲಿನಲ್ಲಿ ಒಂದು ಆಟ ಶುರುಮಾಡಿದ್ದರು. ಆಟದ ಹೆಸರು ಮೆಣಸಿನ ಬಂದರು. ಹಳೆಯ ಕಾಲದ ಒಂದು ಬಂದರು, ಇರುವುದು ಕಲ್ಪನೆಯಲ್ಲಿ ಮಾತ್ರ. ಪ್ರತಿಯೊಬ್ಬರೂ ಅಲ್ಲಿನ ಒಬ್ಬ ಮನುಷ್ಯನಾಗಬೇಕು, ಆ ಮನುಷ್ಯನ ಮಾತನ್ನು ಗುಂಪಿನಲ್ಲಿ ಬರೆಯಬೇಕು. ಒಬ್ಬ ಕಡಲ್ಗಳ್ಳ, ಒಬ್ಬ ಹಕೀಮ, ಒಬ್ಬಳು ರಾಣಿಯ ದಾಸಿ. ಆಟ ನಡೆಸುವಾತ ಬಂದರಿನ ಸುಂಕದವ; ಬಿರುಗಾಳಿ ಎಬ್ಬಿಸುವುದು, ಹಡಗು ತರಿಸುವುದು ಅವನ ಕೆಲಸ. ಸೌಜನ್ಯಾಳನ್ನು ಆಟಕ್ಕೆ ಸೇರಿಸಿದ್ದು ಅಣ್ಣನೇ. ಅವಳು ಆ ದಾಸಿ. ಸುಜಯ, ಧಕ್ಕೆಯ ಮೆಟ್ಟಿಲ ಬುಡದಲ್ಲಿ ಕೂತು ಮೀನು ಮಾರುವ ಮುದುಕಿ. ಅವಳೇ ತಿಮ್ಮಕ್ಕ.

"ಅಣ್ಣ ಮುದುಕಿಯಾಗಿ ಬರೀತಿದ್ನಾ?" ವಿಶಾಲ ಕೈ ತೊಳೆಯಲು ಎದ್ದವನು ಅಲ್ಲೇ ನಿಂತ. "ಧಕ್ಕೇಲಿ ಯಾರಿಗಾದ್ರೂ ಗೊತ್ತಾದ್ರೆ ನಾ ಮೋರೆ ಎಲ್ಲಿ ಇಟ್ಕಳ್ಲಿ?"

"ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟೂದಿಲ್ವನಾ?" ಎಂದರು ಮಾವ ತಲೆ ಒರೆಸಿಕೊಳ್ಳುತ್ತ. "ಚಲೋ ಕಟ್ಟಿದ್ರೆ ಆತು."

ಮೊಬೈಲು ಕಪಾಟಿನಲ್ಲೇ ಉಳಿಯಿತು. ವಿಶಾಲ ಕುಮಟೆಯ ಪೇಟೆಯಿಂದ ಯಾರೋ ಬಳಸಿ ಬಿಟ್ಟ ಒಂದನ್ನು ತಂದುಕೊಂಡ. ಅದರ ಗಾಜು ಒಡೆದಿತ್ತು. ಎದುರಿಗೆ ಸಿಕ್ಕಾಗಲೆಲ್ಲ ಆ ಒಡಕನ್ನು ನನಗೆ ಕಾಣುವ ಹಾಗೆ ಹಿಡಿಯುತ್ತಿದ್ದ.

ನನಗೆ ಬೇಸಿಗೆ ರಜೆ. ಹೊನ್ನಾವರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ನಾನು. ರಜೆಯಲ್ಲಿ ಮೌಲ್ಯಮಾಪನ ಬಿಟ್ಟರೆ ಕೆಲಸವಿಲ್ಲ. ಮೇ ತಿಂಗಳಲ್ಲಿ ಮನೆ ತುಂಬ ಮಳೆಗಾಲದ ತಯಾರಿ. ಅಂಗಳದಲ್ಲಿ ಚಾಪೆ ಹಾಸಿ ಶೆಟ್ಲಿ ಸಿಗಡಿ ಒಣಗಿಸುವುದು, ಕಾಗೆ ಓಡಿಸುವುದು, ಮುರುಗಲು ಸಿಪ್ಪೆ ತಿರುವಿಹಾಕುವುದು, ತೆಂಗಿನ ಗರಿ ಒಟ್ಟುವುದು. ಅತ್ತೆ ಬೆಳಿಗ್ಗೆ ಕುಮಟೆ ಮಾರುಕಟ್ಟೆಗೆ ಹೋಗಿ ಮೀನು ಮಾರಿ ಮಧ್ಯಾಹ್ನ ಬಂದು ಗಂಜಿ ಉಂಡು ಅಂಗಳಕ್ಕೆ ಇಳಿಯುತ್ತಿದ್ದರು.

ಒಂದು ಮಧ್ಯಾಹ್ನ ಶೆಟ್ಲಿ ಹರಡುತ್ತ ಹೇಳಿದರು: "ತಕಂಡ್ ಬಾ ಅದ್ನ. ಎಂತ ಬರ್ದಿದ್ದ ಓದು, ನೋಡ್ವ."

ನಾನು ತಂದೆ. ನಾನೂ ಅದನ್ನು ಓದಿರಲಿಲ್ಲ. ಸುಜಯ ರಾತ್ರಿ ಗೋಡೆಗೆ ಒರಗಿ ಬರೆಯುತ್ತ ಒಬ್ಬರೇ ನಗುತ್ತಿದ್ದರು. ನಾನು ಪಕ್ಕದಲ್ಲಿ ಪೇಪರು ತಿದ್ದುತ್ತಿದ್ದೆ. "ಕೇಳು ಇಲ್ಲಿ," ಎಂದು ಒಮ್ಮೊಮ್ಮೆ ಕರೆಯುತ್ತಿದ್ದರು. "ಹೂಂ," ಎನ್ನುತ್ತಿದ್ದೆ.

ಮೊದಲಿಗೆ ಸಿಕ್ಕಿದ್ದನ್ನು ಓದಿದೆ. ಹಡಗಿನಿಂದ ಇಳಿದ ಅರಬ್ಬಿ ವ್ಯಾಪಾರಿಯೊಬ್ಬ ಮೀನು ಹಳತೆಂದಿದ್ದ. ತಿಮ್ಮಕ್ಕ ಹೇಳಿದ್ದಳು: "ಕಿವಿರು ನೋಡಾ, ನನ್ನ ಮೋರೆ ಎಂತಕೆ ನೋಡ್ತೆ? ಹಳತಾದ್ದು ನಾನು, ಮೀನಲ್ಲ."

ಅತ್ತೆಯ ಕೈ ನಿಂತಿತು. "ಮುಂದೆ ಓದು."

"'ಕಡಲು ನಿನ್ನ ಅಪ್ಪ ಕಟ್ಟಿಸಿದ ಬಾವಿಯಾ, ಬೇಕಂದಾಗ ಸೇದೂಕೆ? ಬಂದದ್ದು ತಕಾ, ಇಲ್ದಿದ್ರೆ ದಾರಿ ಬಿಡು, ಹಿಂದೆ ಗಿರಾಕಿ ನಿಂತವ್ರೆ.'"

"ಇದು ನನ್ನ ಮಾತು," ಎಂದರು ಅತ್ತೆ.

ಸೌಜನ್ಯಾ ನೆಲ ನೋಡುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು.

"ಬೇವರ್ಸಿ. ಮನೇಲಿ ಕೂತು ನನ್ನ ಮಾತು ಕದ್ದಿದ್ದ. ಇಲ್ಲಿ ಕೇಳಿದ್ರೆ ಕಿವಿ ಮುಚ್ಚಿಕಳ್ತಿದ್ದ, ಬಾಯಿ ಸಣ್ಣ ಮಾಡೆ ಆಯಿ ಅಂತಿದ್ದ." ಚಾಪೆಯ ಮೇಲಿನ ಶೆಟ್ಲಿಯನ್ನು ಅಂಗೈಯಿಂದ ಅತ್ತಿತ್ತ ಸರಿಸಿದರು. "ಅದ್ಕೆ ಮಕ್ಕಳು ಮರಿ ಅವ್ರಾ? ಆ ತಿಮ್ಮಕ್ಕಂಗೆ?"

ಹುಡುಕಿದೆ. ಇತ್ತು. ಸುಂಕದವ ಒಮ್ಮೆ ಕೇಳಿದ್ದ: ಮಗ ಕಡಲಿಗೆ ಹೋಗಿ ಮಳೆಗಾಲ ಕಳೆಯಿತಲ್ಲ ತಿಮ್ಮಕ್ಕ, ಚಿಂತೆಯಿಲ್ಲವೆ? ತಿಮ್ಮಕ್ಕ ಹೇಳಿದ್ದಳು: "ಎಂತ ಚಿಂತೆ? ಹಸಿವಾದ್ರೆ ಮನೆಗೆ ಬತ್ತ. ಒಣಲುಂಗಿ ಗೂಟದಲ್ಲಿ ಅದೆ."

ಅದನ್ನೂ ಓದಿದೆ. ದನಿ ಬದಲಾಗಲಿಲ್ಲ, ತರಗತಿಯಲ್ಲಿ ಓದುವ ಹಾಗೇ ಬಂತು.

ಅತ್ತೆ ಎದ್ದು ಒಳಗೆ ಹೋದರು. ಆ ಸಂಜೆ ಅಡುಗೆ ನಾನೇ ಮಾಡಿದೆ. ಉಪ್ಪು ಹೆಚ್ಚಾಗಿತ್ತು.

ಆಮೇಲೆ ವಿಶಾಲನಿಗೆ ಒಂದು ಚಾಳಿ ಹತ್ತಿತು. ಒಳಗೆ ಕಾಲಿಡುವಾಗಲೇ, "ತಿಮ್ಮಕ್ಕ, ಅನ್ನ ಬೆಂದದ್ಯಾ?" ಎಂದು ಕೂಗುವುದು.

"ಬೆಂದದೆ. ಮೋರೆ ಇಟ್ಕಳ್ಳೂಕೆ ಜಾಗ ಸಿಕ್ತನಾ ನಿಂಗೆ?" ಎನ್ನುವುದು ಅತ್ತೆ.

ವಾರ್ಷಿಕೋತ್ಸವದ ಸುದ್ದಿ ಬಂದದ್ದು ಹೀಗಿರುವಾಗ. ಪ್ರತಿ ಮೇ ತಿಂಗಳ ಕೊನೆಯ ಭಾನುವಾರ ಮೆಣಸಿನ ಬಂದರಿನ ಹುಟ್ಟುಹಬ್ಬ. ಅಂದು ಪಾತ್ರಗಳು ಒಂದಕ್ಕೊಂದು ಉಡುಗೊರೆ ಕೊಡಬೇಕು. ಯಾರಿಗೆ ಯಾರು ಎಂಬುದು ಚೀಟಿ ಎತ್ತಿದಂತೆ. ಉಡುಗೊರೆ ಎಂದರೆ ಬರಹವೇ. ಆದರೆ ಬರಹದಲ್ಲಿ ಕೊಡುವುದು ಒಂದು ವಸ್ತುವಾಗಿರಬೇಕು, ಹಾರೈಕೆ ನಡೆಯುವುದಿಲ್ಲ. ಪಡೆದವರು ಅದನ್ನು ಏನು ಮಾಡಿದೆವೆಂದು ತಮ್ಮ ಪಾತ್ರದ ಬಾಯಲ್ಲಿ ಹೇಳಬೇಕು. ಉಡುಗೊರೆ ಕೊಡದ ಪಾತ್ರಕ್ಕೆ ಬರೆಯುವವರಿಲ್ಲವೆಂದು ಲೆಕ್ಕ. ಅಂಥವರನ್ನು ಆ ಸಂಜೆ ಹಡಗು ಹತ್ತಿಸಿ ಕಳಿಸಿಬಿಡುತ್ತಾರೆ. ಮತ್ತೆ ಆ ಹೆಸರು ಬಂದರಿಗೆ ಬರುವುದಿಲ್ಲ.

"ತಿಮ್ಮಕ್ಕನ ಚೀಟೀಲಿ ಹಕೀಮನ ಹೆಸರು ಬಂದದೆ," ಸೌಜನ್ಯಾ ದೋಸೆ ತಿನ್ನುವಾಗ ಹೇಳಿದಳು. "ಹಕೀಮನಿಗೆ ತಿಮ್ಮಕ್ಕ. ಅದಲು ಬದಲು. ಅತ್ಗೆ, ನೀವು ಬರೀರಿ. ನೀವು ಕನ್ನಡ ಎಂ.ಎ."

"ನನ್ನಿಂದ ಆಗುವುದಿಲ್ಲ."

"ನಾಲ್ಕು ಸಾಲು."

"ಆಗುವುದಿಲ್ಲ ಸೌಜನ್ಯಾ."

"ಹಂಗಾದ್ರೆ ತಿಮ್ಮಕ್ಕನ ಹಡಗು ಹತ್ತಿಸ್ತ್ರು. ಅಣ್ಣ ಬರ್ದದ್ದು ಅಲ್ಲಿಗೆ ಮುಗೀತು."

ಅತ್ತೆ ಕಾವಲಿಯಿಂದ ತಲೆ ಎತ್ತಲಿಲ್ಲ. "ಮುಗೀಲಿ. ವರ್ಷ ಆಗೂಕೆ ಇನ್ನೂ ದಿನ ಅದೆ. ಈ ಮನೆಯಿಂದ ಯಾರಿಗೂ ಕೊಡೂಕಾಗ."

ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಕಜ್ಜಾಯ ಕರಿಯುವುದಿಲ್ಲ, ಯಾರ ಮನೆಗೂ ಏನನ್ನೂ ಬೀರುವುದಿಲ್ಲ. ಬೇರೆಯವರು ತಂದುಕೊಟ್ಟರೆ ತೆಗೆದುಕೊಳ್ಳಬಹುದು. ಅವರ ಪಾತ್ರೆಯನ್ನು ತೊಳೆದು ಖಾಲಿಯಾಗಿಯೇ ಮರಳಿಸಬೇಕು. ಚೌತಿ, ದೀಪಾವಳಿ, ಯುಗಾದಿ ಹಾಗೇ ಕಳೆದಿದ್ದವು. ಖಾಲಿ ಪಾತ್ರೆಗಳನ್ನು ಮನೆಮನೆಗೆ ಕೊಟ್ಟುಬಂದವಳು ಸೌಜನ್ಯಾ.

"ಅದು ಹಬ್ಬ ಅಲ್ಲ ಆಯಿ, ಆಟ. ಅಲ್ಲಿ ಕೊಡೂದು ವಸ್ತು ಅಲ್ಲ, ಅಕ್ಷರ."

"ಹುಟ್ಟುಹಬ್ಬ ಅಂದ್ಯಲೆ ನೀನೇ. ಉಡುಗೊರೆ ಅಂದೆ. ಅಕ್ಷರ ಆದ್ರೆ ಎಂತಾತು? ಕೊಟ್ಟದ್ದು ಕೊಟ್ಟದ್ದೇ."

"ಅಣ್ಣಂದು ಒಂದೂ ಉಳೀಬಾರ್ದು ನಿಂಗೆ! ಅಂಗಿ ಎಲ್ಲ ಕೊಟ್ಟೆ, ರಿಪೇರಿ ಪಾನು ಪಕ್ಕಡ ಕೊಟ್ಟೆ—"

"ನಾನೇ ಹೆತ್ತದ್ದು ಅದ್ನ! ನೀ ನಂಗೆ ಹೇಳೂಕೆ ಬರ್ಬೇಡ!"

ದೋಸೆ ಹೊತ್ತಿತು. ಅದನ್ನು ಕಿತ್ತು ಹಿತ್ತಲಿಗೆ ಎಸೆದರು. ಸೌಜನ್ಯಾ ಅರ್ಧ ತಿಂದ ಬಟ್ಟಲು ಬಿಟ್ಟು ಎದ್ದಳು. ಎರಡು ದಿನ ತಾಯಿ ಮಗಳಲ್ಲಿ ಮಾತಿರಲಿಲ್ಲ. "ಸೌಜನ್ಯಾಂಗೆ ಹೇಳು, ನೀರು ತುಂಬ್ಸೂಕೆ," ಎಂದು ಅತ್ತೆ ನನಗೆ ಹೇಳುವರು. "ತುಂಬ್ಸಿ ಆತು ಅಂತ ಹೇಳಿ," ಎಂದು ಅವಳು ನನಗೇ ಹೇಳುವಳು. ಇಬ್ಬರೂ ನಿಂತಿರುತ್ತಿದ್ದುದು ಒಂದೇ ಕೋಣೆಯಲ್ಲಿ.

ಆ ವಾರ ಅತ್ತೆ ಬೆಳಿಗ್ಗೆ ಬುತ್ತಿ ಮರೆತು ಹೋದರು. ನಾನು ಬಸ್ಸು ಹತ್ತಿ ಕುಮಟೆ ಮಾರುಕಟ್ಟೆಗೆ ಒಯ್ದೆ. ಅತ್ತೆ ಐಸಿನ ಪೆಟ್ಟಿಗೆ ಕವುಚಿ ಅದರ ಮೇಲೆ ಕೂತಿದ್ದರು. ಎದುರಿಗೆ ತಾರ್ಲೆ ಮೀನಿನ ರಾಶಿ. ಪೇಟೆಯ ಹೆಂಗಸೊಬ್ಬರು ಚೌಕಾಸಿ ಮಾಡಿ, ಕೊನೆಗೆ ಒಪ್ಪಿ ಚೀಲ ಒಡ್ಡಿದರು. ಅತ್ತೆ ಪಾಲು ಸುರಿದು, ರಾಶಿಯಿಂದ ಇನ್ನೊಂದು ಹಿಡಿ ತೆಗೆದು ಮೇಲೆ ಹಾಕಿದರು.

"ಇಷ್ಟೇ ಕೊಸರಾ ಕಮಲಿ?" ಎಂದರು ಆಕೆ.

"ಅಮ್ಮ, ನಾ ಮನೆಗೆ ಎಂತ ತಕಂಡ್ ಹೋಗೂದು? ನಿಮ್ಮ ಚೀಲ ನೋಡ್ಕಂಡು ಹೋಗ್ಲಾ?" ಎನ್ನುತ್ತ ಇನ್ನೆರಡು ಮೀನು ಎಸೆದರು.

ಹೆಂಗಸು ನಗುತ್ತ ಹೋದರು. ಅತ್ತೆ ಬುತ್ತಿ ಬಿಚ್ಚಲಿಲ್ಲ. ಕೊಸರು ಹಾಕಿದ ತಮ್ಮ ಕೈಯನ್ನೇ ನೋಡಿದರು.

"ವೀಣಾ, ಸೂತಕದ ಹನ್ನೊಂದು ದಿನ ಕಳೆದ ಮಾರನೇ ದಿನ ನಾ ಇಲ್ಲಿಗೆ ಬಂದೆ ಅಲ್ದಾ?"

"ಬಂದಿದ್ದಿರಿ."

"ವ್ಯಾಪಾರ ಮಾಡಿದ್ನೆ. ಕೊಸರೂ ಹಾಕಿದ್ನೆ. ಯಾರೂ ಬೇಡ ಅನ್ಲಿಲ್ಲ." ಬುತ್ತಿಯ ಮುಚ್ಚಳ ತೆಗೆದರು. "ಕೊಸರು ಕೊಡೂದಲ್ಲ. ಅದು ವ್ಯಾಪಾರದ ಸಂಗಡ ಹೋಪದು."

ಮನೆಗೆ ಬಂದವರು ನೇರವಾಗಿ ಸೌಜನ್ಯಾಳನ್ನೇ ಕರೆದರು. "ಏ, ಬಾ ಇಲ್ಲಿ. ಆ ಹಕೀಮನ ಹತ್ರ ಮೊದ್ಲು ಮೀನು ತಕಂಬೂಕೆ ಹೇಳು. ಧರ್ಮಕ್ಕೆ ಎಂತದೂ ಇಲ್ಲ."

ಸೌಜನ್ಯಾ ಮುಖ ಊದಿಸಿಕೊಂಡೇ ಬಂದು ಕೂತಳು. ತಿಮ್ಮಕ್ಕನ ಹೆಸರಿನಲ್ಲಿ ಬರೆಯಲು ಸುಜಯನ ಮೊಬೈಲೇ ಬೇಕಿತ್ತು. ಕಪಾಟಿನಿಂದ ತೆಗೆದುಕೊಟ್ಟೆ. ಅತ್ತೆ ಹೇಳುತ್ತ ಹೋದರು, ಅವಳು ಒತ್ತುತ್ತ ಹೋದಳು.

"ಬರಿ. ಓ ಹಕೀಮ, ಊರ ಜ್ವರ ಎಲ್ಲ ಬಿಡಿಸ್ತೆ, ನಿನ್ನ ಮೈಮೇಲೆ ಮಾಂಸ ಇಲ್ಲ. ಮಳೆಗಾಲಕ್ಕೆ ಎಂತ ಇಟ್ಕಂಡೆ?"

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಸೌಜನ್ಯಾ ಓದಿದಳು: "'ಅಲ್ಲಾಹ್! ತಿಮ್ಮಕ್ಕ, ಎಲ್ಲಿ ಹೋಗಿದ್ದಿ ಇಷ್ಟು ದಿನ? ನಿನ್ನ ಬಾಯಿ ಇಲ್ಲದೆ ಧಕ್ಕೆಯಲ್ಲಿ ಗಾಳಿಯೂ ಬೀಸುತ್ತಿರಲಿಲ್ಲ ಅನ್ನುತ್ತಾರೆ. ನನ್ನಲ್ಲಿ ಕಷಾಯ ಮಾತ್ರ ಇದೆ.'"

"ಕಷಾಯ ಕುಡ್ಕಂಡು ಸಾಯ್ತ್ಯಾ ಅಂತ ಬರಿ. ಶೆಟ್ಲಿ ಅದೆ, ಒಣಗಿದ್ದು, ಮರಳು ಇಲ್ದೇ ಇದ್ದದ್ದು. ತಕಂತ್ಯಾ ಇಲ್ವಾ?"

ಹಕೀಮ ಒಂದು ಬೆಳ್ಳಿ ನಾಣ್ಯ ಚಾಚಿದ.

"ಬೆಳ್ಳಿ ಎಂತಕೆ? ನನ್ನ ಹತ್ರ ಚಿಲ್ರೆ ಇಲ್ಲ. ಅದ್ರ ಬದ್ಲಿ ನನ್ನ ಗಂಡನ ಮೊಣಕಾಲಿಗೆ ಎಣ್ಣೆ ಕೊಡೂಕೆ ಹೇಳು."

ಮಾವ ಜಗಲಿಯಿಂದ ಕೂಗಿದರು: "ಎಡಗಾಲು ಅಂತ ಹೇಳು!"

ಹಕೀಮ ಎಣ್ಣೆಯ ಕುಪ್ಪಿ ಕೊಟ್ಟ. ವ್ಯಾಪಾರ ಕುದುರಿತು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. "ಈಗ ಬರಿ. ಚೀಲ ಹಿಡಿ ಹಕೀಮ. ಇನ್ನೊಂದು ಹಿಡಿ ಹಾಕ್ತೆ, ಇದು ಕೊಸರು."

ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು. ಕೊಸರು ಉಡುಗೊರೆಯೆಂದು ಸಲ್ಲುತ್ತದೆ, ವಾರ್ಷಿಕೋತ್ಸವದ ದಿನ ಓದಿ ಹೇಳುತ್ತೇನೆ, ಎಂದು ಸುಂಕದವ ಬರೆದ. ಸೌಜನ್ಯಾ ತಾಯಿಯ ಹೆಗಲಿಗೆ ತಲೆ ಇಟ್ಟಳು. "ಸರಿ ಅತ್ಲಾಗೆ, ಸೆಕೆ," ಎಂದರು ಅತ್ತೆ. ಆದರೆ ತಾವು ಸರಿಯಲಿಲ್ಲ.

ಮಾರನೇ ದಿನ ನಾನು ಮೌಲ್ಯಮಾಪನಕ್ಕೆಂದು ಹೊನ್ನಾವರಕ್ಕೆ ಹೊರಟಾಗ ಅತ್ತೆ ಒಂದು ಪೊಟ್ಟಣ ಕೈಗಿಟ್ಟರು. ದಪ್ಪ ಪ್ಲಾಸ್ಟಿಕ್ಕು, ಮೇಲೆ ಹಳೆಯ ಸೀರೆಯ ತುಂಡು, ಸುತ್ತ ಹಗ್ಗ.

"ಭಟ್ಕಳ ಬಸ್ಸಿನ ಕಂಡಕ್ಟರಿಗೆ ಕೊಡು. ಹಕೀಮ ಭಟ್ಕಳದವ ಅಂತ ಸೌಜನ್ಯಾ ಹೇಳಿತ್ತು, ಅವ್ನೇ ಬಂದು ಬಿಡಿಸ್ಕಳ್ಲಿ."

"ಅತ್ತೆ, ಹಕೀಮ ಅಂತ ಯಾರೂ ಇಲ್ಲ."

"ಇಲ್ದೇ ಇದ್ದವ ಎಣ್ಣೆ ಕೊಟ್ನಾ?"

"ಎಣ್ಣೆಯೂ ಬರುವುದಿಲ್ಲ."

"ಅದು ಅವ್ನ ಹಣೆಬರ. ನನ್ನ ವ್ಯಾಪಾರ ಆದ್ಮೇಲೆ ಮಾಲು ಹೋಗ್ಬೇಕು."

ಸೌಜನ್ಯಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಹಕೀಮನಾಗಿ ಬರೆಯುವುದು ಭಟ್ಕಳದ ಸುಮಯ್ಯಾ ಎಂಬ ಕಾಲೇಜು ಹುಡುಗಿ ಎಂದು ಆಗ ಹೇಳಿದಳು. ಆ ಹುಡುಗಿ ಕಳೆದ ಚಳಿಗಾಲದಲ್ಲಿ ಆಟಕ್ಕೆ ಸೇರಿ, ಹಳೆಯ ಬರಹಗಳನ್ನೆಲ್ಲ ಓದಿಕೊಂಡವಳು.

ಅತ್ತೆ ತುಸು ಯೋಚಿಸಿದರು. "ಹುಡ್ಗಿ ಗಡ್ಡದ ಹಕೀಮ. ನನ್ನ ಮಗ ಮುದುಕಿ. ಚಂದ ಆತು." ಪೊಟ್ಟಣ ವಾಪಸು ತೆಗೆದುಕೊಳ್ಳಲಿಲ್ಲ.

ಸೌಜನ್ಯಾ ಸುಮಯ್ಯಾಳಿಗೆ ಬಸ್ಸಿನ ಹೊತ್ತು ತಿಳಿಸಿದಳು. ನಾನು ಹೊನ್ನಾವರ ನಿಲ್ದಾಣದಲ್ಲಿ ಪೊಟ್ಟಣವನ್ನು ಕಂಡಕ್ಟರಿಗೆ ಕೊಟ್ಟೆ. ಅವನು ಮೂಸಿ ನೋಡಿ, ಹಿಂದಿನ ಸೀಟಿನಡಿ ತಳ್ಳಿದ. ಸಂಜೆ ಸೌಜನ್ಯಾಳಿಗೆ ಫೋನು ಬಂತು. ಅವಳು ಅದನ್ನು ದೊಡ್ಡ ದನಿಗೆ ಹಾಕಿದಳು. ಹುಡುಗಿಯ ಗಂಟಲು ನಗೆಯಿಂದ ಒಡೆಯುತ್ತಿತ್ತು: "ನಿಜವಾದ ಶೆಟ್ಲಿ ಬಂದಿದೆಯಲ್ಲ! ನನ್ನ ಅಮ್ಮಿ ಕೇಳ್ತಾರೆ, ಯಾವ ತಿಮ್ಮಕ್ಕ ಕಳಿಸಿದ್ದು, ಇಷ್ಟು ಚೆನ್ನಾಗಿ ಯಾರು ಒಣಗಿಸ್ತಾರೆ ಅಂತ. ತಿಮ್ಮಕ್ಕ ಬರೆಯೋದು ಯಾರು ಸೌಜನ್ಯಾ?"

ಅತ್ತೆ ಕೈಯಾಡಿಸಿ ಬೇಡವೆಂದರು.

"ಇಲ್ಲೇ ನಮ್ಮೂರಿನವ್ರು," ಎಂದಳು ಸೌಜನ್ಯಾ.

ಭಾನುವಾರ ಬಂತು. ಮೋಡ ಕಟ್ಟಿತ್ತು, ಮಳೆ ಇನ್ನೂ ಇರಲಿಲ್ಲ. ಮೀನುಗಾರಿಕೆ ನಿಲ್ಲಿಸುವ ದಿನ ಹತ್ತಿರವಾದ್ದರಿಂದ ವಿಶಾಲ ಬಲೆ ಮನೆಗೆ ತಂದು ಜಗಲಿಯಲ್ಲಿ ಹರಡಿಕೊಂಡಿದ್ದ. ಮಾವ ಒಂದು ತುದಿಯಲ್ಲಿ, ಅವನು ಇನ್ನೊಂದು ತುದಿಯಲ್ಲಿ, ಹರಿದ ಕಣ್ಣು ಹೆಣೆಯುತ್ತಿದ್ದರು. ಅತ್ತೆ, ನಾನು, ಸೌಜನ್ಯಾ ಚಹಾ ಕುಡಿದು ಬಳಚಿನ ಚಿಪ್ಪು ಬಿಡಿಸಲು ಕೂತೆವು. ಸುಜಯನ ಮೊಬೈಲನ್ನು ಸೌಜನ್ಯಾ ಅಕ್ಕಿ ಡಬ್ಬಿಗೆ ಒರಗಿಸಿಟ್ಟಿದ್ದಳು.

ಉಡುಗೊರೆಗಳು ಒಂದೊಂದಾಗಿ ಬರತೊಡಗಿದವು. ಕಡಲ್ಗಳ್ಳನಿಗೆ ಯಾರೋ ಎರಡನೇ ಕಣ್ಣಿಗೂ ಪಟ್ಟಿ ಕೊಟ್ಟಿದ್ದರು. ದಾಸಿಗೆ, ಎಂದರೆ ಸೌಜನ್ಯಾಳಿಗೆ, ರಾಣಿಯ ಕೋಣೆಯ ಕೀಲಿಕೈ ಬಂತು.

"ಬಿಡ್ಬೇಡ, ರಾತ್ರಿಗೆ ಎಲ್ಲ ಹೊತ್ಕಂಡು ಬಾ," ಎಂದ ವಿಶಾಲ ಜಗಲಿಯಿಂದ. ಅವನು ಕೇಳುತ್ತಿದ್ದಾನೆಂದು ನಮಗೆ ತಿಳಿದಿರಲಿಲ್ಲ.

ಆಮೇಲೆ ಹಕೀಮನದು ಬಂತು. ಸೌಜನ್ಯಾ ಗಟ್ಟಿಯಾಗಿ ಓದತೊಡಗಿದಳು: "'ತಿಮ್ಮಕ್ಕನಿಗೆ, ಹಕೀಮನಿಂದ. ಒಂದು ಜೊತೆ ಒಣಬಟ್ಟೆ. ನೂಲು ನನ್ನ ತಾಯಿ ತೆಗೆದದ್ದು, ನೇಯ್ದದ್ದು ಬಂದರಿನ ನೇಕಾರ. ನಿನ್ನ ಮಗ...'"

ಅಲ್ಲಿಗೆ ನಿಂತಳು.

"ಓದು," ಎಂದರು ಅತ್ತೆ.

"ಆಯಿ, ಆ ಹುಡ್ಗಿಗೆ ಗೊತ್ತಿಲ್ಲ. ಅದು ಅಣ್ಣ ಹೋದ್ಮೇಲೆ ಸೇರಿದ್ದು. ನಾ ಹೇಳ್ಲಿಲ್ಲ."

"ಓದೆ."

"'ನಿನ್ನ ಮಗ ಕಡಲಿನಿಂದ ಬಂದು ಇಳಿದಾಗ ಉಡಲಿ.'"

ಜಗಲಿಯಲ್ಲಿ ಬಲೆಯ ಸದ್ದು ನಿಂತಿತು. ಅತ್ತೆಯ ಕೈಯಲ್ಲಿ ಒಂದು ಬಳಚು, ಅರ್ಧ ಬಾಯಿ ತೆರೆದದ್ದು. ಅದನ್ನು ಬಿಡಿಸಿ, ಮಾಂಸವನ್ನು ಬಟ್ಟಲಿಗೆ, ಚಿಪ್ಪನ್ನು ಬುಟ್ಟಿಗೆ ಹಾಕಿದರು. ಇನ್ನೊಂದನ್ನು ತೆಗೆದುಕೊಂಡರು.

"ಅಳಿಸೂಕೆ ಹೇಳ್ತೆ. ಬೇರೆ ಎಂತಾದ್ರೂ ಕೊಡೂಕೆ ಹೇಳ್ತೆ," ಎಂದಳು ಸೌಜನ್ಯಾ. ಅವಳ ಕಣ್ಣು ತುಂಬಿತ್ತು.

"ಕೊಟ್ಟದ್ದು ತಿರುಗಿಸೂದಿಲ್ಲ. ತಕಂಬೂಕೆ ಅಡ್ಡಿ ಇಲ್ಲ ನಮ್ಗೆ." ಅತ್ತೆ ಬಳಚು ಬಿಡಿಸುತ್ತಲೇ ಇದ್ದರು. "ಅದ್ನ ಎಂತ ಮಾಡಿದೆ ಅಂತ ಹೇಳ್ಬೇಕು ಅಲ್ದಾ?"

"ಹೂಂ."

"ಹಂಗಾದ್ರೆ ಬರಿ."

ಸೌಜನ್ಯಾ ಮೊಬೈಲು ಎತ್ತಿಕೊಂಡಳು. ನನ್ನ ಮಡಿಲಿಗೆ ಹಾಕಿದಳು. "ನಂಗೆ ಆಗೂದಿಲ್ಲ ಅತ್ಗೆ." ಎದ್ದು ಬಾವಿಕಟ್ಟೆಗೆ ಹೋದಳು.

ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅ ಎಲ್ಲಿದೆ, ಮ ಎಲ್ಲಿದೆ, ಒಮ್ಮೆಗೆ ಕಾಣಲಿಲ್ಲ. ಅವರ ಮೊಬೈಲಿನಲ್ಲಿ ನಾನು ಯಾವತ್ತೂ ಬರೆದಿರಲಿಲ್ಲ.

"ನನ್ನ ಮಗ ಬಪ್ಪದಿಲ್ಲ ಅಂತ ಬರಿ," ಎಂದರು ಅತ್ತೆ.

ನಾನು ಅವರನ್ನು ನೋಡಿದೆ. ಅವರು ಬಟ್ಟಲು ನೋಡುತ್ತಿದ್ದರು. ಈ ಮನೆಯಲ್ಲಿ ಆ ಮಾತನ್ನು ಇಷ್ಟು ದಿನ ಯಾರೂ ಆಡಿರಲಿಲ್ಲ. ಹೋದ, ಹೋದ್ಮೇಲೆ, ಹೋಗೂಕಿಂತ ಮೊದ್ಲು, ಎಂದೇ ಹೇಳುತ್ತಿದ್ದೆವು.

ಬರೆದೆ. ನನ್ನ ಮಗ ಬಪ್ಪದಿಲ್ಲ.

"ಆತಾ?"

"ಆಯಿತು."

"ಒಣಬಟ್ಟೆ ಚಲೋ ಅದೆ ಹಕೀಮ. ಪೆಟ್ಟಿಗೇಲಿ ಇಟ್ರೆ ಹುಳ ಹಿಡೀತು. ಮೆಟ್ಲ ಹತ್ರ ಗೂಟಕ್ಕೆ ಹಾಕ್ತೆ. ಯಾರ ಮಗ ಮೊದ್ಲು ಒದ್ದೆಯಾಗಿ ಇಳೀತ್ನೋ, ಅವ್ನೇ ಉಡ್ಲಿ."

ಒಂದೊಂದೇ ಅಕ್ಷರ ಒತ್ತಿದೆ. ನಿಧಾನವಾಯಿತು. ಅತ್ತೆ ಅವಸರ ಮಾಡಲಿಲ್ಲ.

ಜಗಲಿಯಿಂದ ವಿಶಾಲ ಮೆಲ್ಲಗೆ ಹೇಳಿದ: "ಆಯಿ, ವರ್ಷ ಆಗೂ ತನಕ ಕೊಡೂಕಾಗ ಅಂದಿದ್ಯಲೆ."

ಅತ್ತೆ ಬಟ್ಟಲಿನ ನೀರು ಬಸಿದರು. ಮೊಣಕಾಲಿಗೆ ಕೈಯೂರಿ ಎದ್ದರು.

"ಕೊಸರು ಅಂತ ಬರಿ," ಎಂದರು.